ದೋಣಿಯಲ್ಲಿ ಕಾಕು ಕೂರುತ್ತಿದ್ದ ಜಾಗ

ಈ ವರ್ಷ ಯುಗಾದಿಯ ಮರುದಿನ ಬೆಳಿಗ್ಗೆ ಮೇಡ್ಲೇರಿಯ ದೋಣಿ ಕಾಕಾ ತೀರಿಕೊಂಡರು. ಮೈ ತೊಳೆಸುವಾಗ ಅವರ ಬಲ ಅಂಗೈಯ ಗೆರೆಗಳಲ್ಲಿ ಬಿಳಿ ಪುಡಿ ಕೂತಿತ್ತು. ಉಜ್ಜಿದರೂ ಪೂರ್ತಿ ಹೋಗಲಿಲ್ಲ.

ಅದು ದೋಣಿಯ ಪುಡಿ. ಕಾಕಾನದು ನೀಲಿ ಫೈಬರ್ ದೋಣಿ. ಫೈಬರಿನ ಮೇಲೆ ಹೊಳೆಯುವ ತೆಳ್ಳನೆಯ ಪದರವಿರುತ್ತದೆ. ವರ್ಷಗಟ್ಟಲೆ ಬಿಸಿಲುಂಡು ಅದು ಸುಣ್ಣದ ಹಾಗೆ ಪುಡಿಯಾಗುತ್ತದೆ. ಹೊಳೆ ದಾಟಿದವರ ಬಟ್ಟೆಗೆಲ್ಲ ಅದರ ಗುರುತು. ಆಚೆ ದಡದಿಂದ ಬ್ಯಾಡಗಿ ಪೇಟೆಗೆ ಹೊರಟ ಹೆಂಗಸೊಬ್ಬಳು ಒಮ್ಮೆ ಸೆರಗು ಝಾಡಿಸುತ್ತ ರೇಗಿದಳು.

"ಕಾಕಾ, ಹೊಸಾ ಸೀರಿ ಇದು! ಗ್ವಾಡಿಗೆ ಬಳದಂಗ ಸುಣ್ಣಾ ಬಳದೀರಲ್ರಿ!"

"ಸುಣ್ಣ ನಂದು ಪುಕ್ಕಟವ್ವಾ. ಎಲಿ-ಅಡಿಕಿ ನೀನ ತಾ."

ದೋಣಿಯ ಮೂತಿಯ ಹತ್ತಿರ ಕೂತಿದ್ದ ಕಾಕಾನ ಹೆಂಡತಿ, ನಮಗೆಲ್ಲ ಕಾಕು, ನಕ್ಕರು. "ಅವರದೇನ ಕೇಳ್ತಿ? ಇಲ್ಲೆ ಬಾ, ನನ್ನ ಬಾಜೂ ಕುಂದ್ರು. ಇಲ್ಲಿ ಬಿಳೇದು ಹತ್ತಂಗಿಲ್ಲ."

ಅದು ನಿಜ. ಕಾಕು ಪ್ರತಿ ಸಲ ಅಲ್ಲೇ ಕೂತು, ದೋಣಿಯ ಅಂಚಿನ ಮೇಲೆ ಕೈಯೂರಿ, ಹತ್ತುವವರಿಗೆ ಇನ್ನೊಂದು ಕೈ ಕೊಡುತ್ತಿದ್ದರು. ಸುಮ್ಮನಿದ್ದಾಗ ಸೆರಗಿನಿಂದ ಅಂಚು ಒರೆಸುತ್ತಿದ್ದರು. ಆ ಗೇಣಗಲದ ಜಾಗ ಮಾತ್ರ ಸದಾ ನೀಲಿಯಾಗಿ ಮಿಂಚುತ್ತಿತ್ತು.

ಬೇಸಿಗೆಯಲ್ಲಿ ಹೊಳೆ ಇಳಿದಾಗ ಕಾಕಾ ದೋಣಿಯನ್ನು ದಡಕ್ಕೆ ಎಳೆದು, ನೀರು ಹಾಕುತ್ತ ಪಾಲಿಶ್ ಕಾಗದದಿಂದ ತಿಕ್ಕಿ, ಆಮೇಲೆ ಮೇಣ ಹಚ್ಚುತ್ತಿದ್ದರು. ಹಾವೇರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ದಿನಗಳಲ್ಲಿ ನಾನು ಊರಿಗೆ ಹೋಗಿ ಜೊತೆಗೆ ಕೂರುತ್ತಿದ್ದೆ. ಒಂದು ಕೆಲಸವನ್ನು ಅವಸರವಿಲ್ಲದೆ ಮುಗಿಸುವುದನ್ನು ನಾನು ಕಲಿತದ್ದು ಅಲ್ಲಿ. "ಜೋರ್ ಮಾಡಬ್ಯಾಡೋ. ನೀ ತಿಕ್ಕೂದು ಕೊಳಿ ಅಲ್ಲ, ದೋಣಿ ಚರ್ಮ," ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಕಾಕು ಜ್ವರದಲ್ಲಿ ಹೋದರು. ಮುಂದಿನ ಬೇಸಿಗೆಗೆ ಅವರ ಜಾಗವೂ ಬೆಳ್ಳಗಾಗಿತ್ತು. ಕಾಕಾ ದೋಣಿಯನ್ನೆಲ್ಲ ತಿಕ್ಕಿ, ಅಲ್ಲಿಗೆ ಬಂದು ಕೈ ನಿಲ್ಲಿಸಿದರು.

"ಕಾಕಾ, ಇಲ್ಲಿ ಬಿಟ್ರಲ್ಲ."

"ಹೊಳಪು ಬರಬೇಕಂದ್ರ ಮ್ಯಾಲಿನ ಪದರ ತಗೀಬೇಕು. ಆಕಿ ಕೈ ಹತ್ತಿದ್ದು ಅದ ಪದರಕ್ಕ." ಪಾಲಿಶ್ ಕಾಗದ ಕೆಳಗಿಟ್ಟು, "ಹೆಂಗ ತಗೀಲಿ ಹೇಳು?" ಎಂದರು.

ಅಂದಿನಿಂದ ಅವರು ಬೆಳಿಗ್ಗೆ ಹಗ್ಗ ಬಿಚ್ಚುವ ಮೊದಲು ಆ ಜಾಗವನ್ನು ಬರಿಗೈಯಿಂದ ಒಂದು ಸಲ ಸವರುತ್ತಿದ್ದರು. ನೀಲಿ ಕಾಣಿಸುತ್ತಿತ್ತು. ಮತ್ತೆ ಮಂಕಾಗುತ್ತಿತ್ತು. ಅಂಗೈಗೆ ಬರುತ್ತಿದ್ದ ಪುಡಿಯೂ ಆ ಪದರವೇ. ಅದು ಅವರಿಗೆ ಗೊತ್ತಿತ್ತು. ಆ ಕೈಯನ್ನು ಅವರು ಹೊಳೆಯಲ್ಲಿ ತೊಳೆಯುತ್ತಿರಲಿಲ್ಲ, ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು.

ದೋಣಿ ಈಗ ಅವರ ತಮ್ಮನ ಮಗನದು. ಕಳೆದ ವಾರ ಅವನು ಫೋನ್ ಮಾಡಿದ. "ಅಣ್ಣಾ, ರಾಣೆಬೆನ್ನೂರಿಂದ ಕಾರ್ ಪಾಲಿಶ್ ಮಾಡವ್ರನ್ನ ಕರಿಸಿದ್ದೆ. ಮಷಿನ್ ಹಚ್ಚಿ ಹೊಡದ್ರು. ಮೂತಿ ಹತ್ರ ಒಂದೀಟು ಜಾಗ ದೊಡ್ಡಪ್ಪ ಹಂಗ ಬಿಟ್ಟಿದ್ದ ನೋಡು. ಪಾಪ, ಕಣ್ಣು ಮಂಜಾಗಿದ್ವು ಕಾಣಸ್ತೈತಿ."

ನಿನ್ನೆ ಹೋಗಿ ನೋಡಿದೆ. ದೋಣಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿ ಹೊಳೆಯುತ್ತಿದೆ.