ಕುಕ್ಕರಿನ ಗ್ಯಾಸ್ಕೆಟ್ ಹುಡುಕಿದ ದಿನಗಳು

ಮೆಕ್ಸಿಕೋಗೆ ನಾನು ಹೋಗಿದ್ದು ಒಂದು ವಾರಕ್ಕೆಂದು. ಅಮೆರಿಕದ ಕೆಲಸದ ವೀಸಾಕ್ಕೆ ಪಾಸ್‌ಪೋರ್ಟಿನಲ್ಲಿ ಹೊಸ ಮುದ್ರೆ ಬೀಳಬೇಕಿತ್ತು. ಸಿಯಾಟಲ್‌ನಿಂದ ಭಾರತದವರೆಗೆ ಹೋಗುವ ಬದಲು ಪಕ್ಕದ ದೇಶದಲ್ಲೇ ಮುಗಿಸಿ ಬರೋಣವೆಂದು ಆಗ ಎಷ್ಟೋ ಜನ ಹಾಗೆ ಮಾಡುತ್ತಿದ್ದರು. ಅಲ್ಲಿನ ಅಮೆರಿಕನ್ ದೂತಾವಾಸದಲ್ಲಿ ಗಾಜಿನಾಚೆ ಕೂತಿದ್ದ ಅಧಿಕಾರಿ, ಇನ್ನೂ ಪರಿಶೀಲನೆ ಬಾಕಿ ಇದೆ ಎಂದು ಹೇಳಿ ಪಾಸ್‌ಪೋರ್ಟ್ ಒಳಗಿಟ್ಟುಕೊಂಡರು. ಎಷ್ಟು ದಿನ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ಮನೆಯಲ್ಲಿ ಗಂಡ ಮತ್ತು ಒಂಬತ್ತನೇ ಕ್ಲಾಸಿನ ಮಗಳು. ಇಲ್ಲಿ ನಾನು, ಒಂದು ಸಣ್ಣ ಸೂಟ್‌ಕೇಸು.

ಹೋಟೆಲು ಬಿಟ್ಟು, ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ ಕೋಣೆ ಹಿಡಿದೆ. ಆಫೀಸಿನ ಲ್ಯಾಪ್‌ಟಾಪ್ ಆ ದೇಶದಿಂದ ತೆರೆಯುವಂತಿರಲಿಲ್ಲ. ಹೀಗಾಗಿ ಕುಡಿಯುವ ನೀರು ತರುವುದು, ಬಟ್ಟೆ ಒಗೆಸುವುದು, ಫೋನಿಗೆ ದುಡ್ಡು ಹಾಕಿಸುವುದು ಇಷ್ಟೇ ನನ್ನ ಕೆಲಸ. ಊರಲ್ಲಾದರೆ ಕಾರಿಳಿದು ಹತ್ತುವುದರೊಳಗೆ ಮುಗಿಯುವ ಇವೇ ಕೆಲಸಗಳು ಇಲ್ಲಿ ನನ್ನ ಇಡೀ ದಿನವನ್ನು ತಿನ್ನುತ್ತಿದ್ದವು. ಸ್ಪ್ಯಾನಿಷ್ ಒಂದಕ್ಷರ ಬಾರದು. ನನ್ನ ಮೈಬಣ್ಣ ನೋಡಿ ಎಲ್ಲರೂ ನನ್ನನ್ನು ಅಲ್ಲಿಯವಳೇ ಎಂದುಕೊಂಡು ಸರಾಗವಾಗಿ ಮಾತು ಶುರು ಮಾಡುತ್ತಿದ್ದರು. ನಾನು ಭಾಷೆ ಬಾರದೆಂದು ತಲೆಯಾಡಿಸಿದಾಗ ಅವರ ಮುಖದಲ್ಲಿ ಮೂಡುತ್ತಿದ್ದ ಅನುಮಾನವನ್ನು ನೋಡಿ ನೋಡಿ ಸಾಕಾಗಿತ್ತು.

ಒಂದು ದಿನ ಮನೆಯೊಡತಿ ತನ್ನ ಹಳೆಯ ಪ್ರೆಷರ್ ಕುಕ್ಕರನ್ನು ಮೇಲೆ ತಂದುಕೊಟ್ಟರು. ನಾನು ಬರೀ ಬ್ರೆಡ್ಡು, ಬಾಳೆಹಣ್ಣು ತಿನ್ನುವುದನ್ನು ಅವರು ಗಮನಿಸಿರಬೇಕು. ಅದರ ಗ್ಯಾಸ್ಕೆಟ್ ಒಣಗಿ ಸೀಳಿಹೋಗಿತ್ತು. ಸೂಟ್‌ಕೇಸಿನಲ್ಲಿ ಸಾರಿನ ಪುಡಿಯ ಪೊಟ್ಟಣವಿತ್ತು. ಇದೊಂದು ರಬ್ಬರು ಸಿಕ್ಕರೆ ಬಿಸಿ ಸಾರು ಅನ್ನ ಉಣ್ಣಬಹುದು ಅನ್ನಿಸಿದ್ದೇ ತಡ, ಬೇರೇನೂ ತಲೆಗೆ ಹೋಗದಂತಾಯಿತು.

ಶನಿವಾರ ಬೆಳಗ್ಗೆ ಬಸ್ಸು ಹತ್ತಿ ದೊಡ್ಡ ಮಾರುಕಟ್ಟೆಗೆ ಹೋದೆ. ಬಾಗಿಲಲ್ಲೇ ಆಳೆತ್ತರ ಚೆಂಡುಹೂವಿನ ರಾಶಿ. ಫೋನಿನ ಅನುವಾದದ ಆಪ್‌ನಲ್ಲಿ ‘ಕುಕ್ಕರಿನ ರಿಂಗು’ ಎಂದು ಹಾಕಿ ತೋರಿಸಿದೆ. ಅದು ಏನೆಂದು ತಿರುಗಿಸಿತೋ, ಒಬ್ಬಾತ ಕೈಹಿಡಿಯುವುದೊಂದೇ ಬಾಕಿ ಎಂಬಷ್ಟು ಅಕ್ಕರೆಯಿಂದ ನನ್ನನ್ನು ಚಿನ್ನಬೆಳ್ಳಿಯ ಅಂಗಡಿಗಳ ಸಾಲಿಗೆ ಬಿಟ್ಟುಹೋದ. ಅಲ್ಲಿಂದ ವಾಪಸು. ಬಿಸಿಲೇರಿತು. ಕೊನೆಗೆ ಪಾತ್ರೆಗಳ ಒಂದು ಅಂಗಡಿಯಲ್ಲಿ, ನನ್ನದೇ ವಯಸ್ಸಿನ ಹೆಂಗಸಿನ ಮುಂದೆ ನಿಂತು ಗಾಳಿಯಲ್ಲಿ ಬೆರಳಿಂದ ವೃತ್ತ ಬರೆಯುತ್ತಿದ್ದೆ. ಆಕೆ ಒಮ್ಮೆ ಜರಡಿ ತೆಗೆದಳು, ಒಮ್ಮೆ ತಟ್ಟೆ. ಅಷ್ಟರಲ್ಲಿ ಮಗಳ ಫೋನು.

“ಅಮ್ಮಾ, ವೇರ್ ಈಸ್ ಮೈ ರೇನ್ ಜಾಕೆಟ್?”

“ನಂಗೇನ್ ಗೊತ್ತೇ! ಅಪ್ಪನ್ನ ಕೇಳು. ಇಲ್ಲಿ ಒಂದು ಗ್ಯಾಸ್ಕೆಟ್ ಕೇಳಕ್ಕೆ ಬೆಳಗ್ಗೆಯಿಂದ ಸಾಯ್ತಿದೀನಿ, ಯಾರಿಗೂ ಅರ್ಥ ಆಗ್ತಿಲ್ಲ, ಈ ಅಂಗಡಿಯವಳಿಗೂ.”

ಅವಳು, “ಗಿವ್ ಹರ್ ದ ಫೋನ್” ಅಂದಳು.

ಮಗಳು ಸ್ಕೂಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಾಳೆಂದು ನನಗೆ ಗೊತ್ತಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ ನೋಡಿದ್ದೆ, ಕಿವಿಯಾರೆ ಕೇಳಿರಲಿಲ್ಲ. ಸ್ಪೀಕರ್ ಹಾಕಿ ಫೋನು ಚಾಚಿದೆ. “ಸೆನ್ಯೋರಾ, ಮಿ ಮಮಾ...” ಎಂದು ಅವಳ ಸಣ್ಣ ದನಿ ತಡೆತಡೆದು ಬಂತು. ನಾನು ಕನ್ನಡದಲ್ಲಿ “ಮುಚ್ಚಳದ ಒಳಗಿರೋದು ಅನ್ನು, ರಬ್ಬರು ಅನ್ನು” ಎನ್ನುವುದು, ಅವಳು ಅದನ್ನು ಸ್ಪ್ಯಾನಿಷಿಗೆ ಹಾಕುವುದು. ನನ್ನೊಡನೆ ಎಂದೂ ಕನ್ನಡದಲ್ಲಿ ಉತ್ತರಿಸದ ಹುಡುಗಿ ನನ್ನ ಕನ್ನಡವನ್ನು ಅಷ್ಟು ದೂರ ಹೊತ್ತುಕೊಂಡು ಹೋಗುತ್ತಿದ್ದಳು. ಅಂಗಡಿಯವಳು, “ಆಹ್, ಎಂಪಾಕೆ!” ಎಂದು ನಕ್ಕಳು. ಆಮೇಲೆ ಇಬ್ಬರೂ ನನ್ನನ್ನು ಮರೆತು ಏನೋ ಮಾತಾಡಿಕೊಂಡರು.

ಮುಚ್ಚಳ ತರಬೇಕಂತೆ ಎಂಬುದನ್ನು ಮಗಳು ಇಂಗ್ಲಿಷಿನಲ್ಲಿ ಹೇಳಿ, “ಆಬ್ವಿಯಸ್ಲಿ” ಎಂದು ಸೇರಿಸಿ ಫೋನಿಟ್ಟಳು.

ಹೌದು, ಅಳತೆಯಿಲ್ಲದೆ ಗ್ಯಾಸ್ಕೆಟ್ ಹೇಗೆ ಕೊಳ್ಳುವುದು? ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತೆ. ಅಳು ಬರಬಹುದೆಂದುಕೊಂಡೆ, ಬರಲಿಲ್ಲ. ಎರಡು ಬಸ್ಸು ಬಿಟ್ಟೆ, ಏಳಲಾಗದೆ.

ಸೋಮವಾರ ಮುಚ್ಚಳವನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ಹೋದೆ. ಅಂಗಡಿಯವಳು ಗುರುತು ಹಿಡಿದು ಎದ್ದು ಬಂದಳು. ನಾಲ್ಕಾರು ಹಾಕಿ ತೆಗೆದು, ಸರಿಯಾದದ್ದನ್ನು ಹೆಬ್ಬೆರಳಿಂದ ಒತ್ತಿ ಕೂರಿಸಿದಳು. ಹೊರಡುವಾಗ ನನ್ನ ಮೊಣಕೈ ಹಿಡಿದು ನಿಧಾನವಾಗಿ ಏನೋ ಹೇಳಿದಳು. ‘ನಿನ್ಯಾ’ ಅಂದರೆ ಹುಡುಗಿ ಎಂಬುದಷ್ಟೇ ನನಗೆ ತಿಳಿಯಿತು.

ಅಲ್ಲಿ ಸಿಕ್ಕ ಕಂದುಬೇಳೆ, ಹುಣಸೆಹಣ್ಣು ಹಾಕಿ ಸಾರು ಮಾಡಿ, ಕೆಳಗೂ ಒಂದು ಬಟ್ಟಲು ಕೊಟ್ಟೆ. ಮನೆಯೊಡತಿ ಕೆಮ್ಮಿ, ಕಣ್ಣೊರೆಸಿಕೊಂಡು, ಪೂರ್ತಿ ಕುಡಿದರು. ಸ್ಕೂಲು ಬಿಟ್ಟ ಮೇಲೆ ಮಗಳಿಗೆ ಕಾಲ್ ಮಾಡಿದೆ.

“ಅವತ್ತು ಅಷ್ಟೊತ್ತು ಏನೇ ಮಾತಾಡಿದ್ರಿ?”

ನಿನಗೆ ಅಡುಗೆ ಮಾಡಿಹಾಕುವವರು ಯಾರು ಎಂದು ಅಂಗಡಿಯವಳು ಕೇಳಿದಳಂತೆ. ಅಮ್ಮ ಯಾವಾಗ ಬರುತ್ತಾಳೆ ಎಂದೂ ಕೇಳಿದಳಂತೆ.

“ನೀನೇನಂದೆ?”

“ಐ ಡಿಡಂಟ್ ನೋ ಹೌ ಟು ಸೇ ಇಟ್. ಸೋ ಐ ಸೆಡ್, ತೋದೊ ಬಿಯೆನ್.”

ಎಲ್ಲಾ ಚೆನ್ನಾಗಿದೆ ಎಂದು ಅದರ ಅರ್ಥ. ಇಷ್ಟು ದಿನ ಫೋನಿನಲ್ಲಿ ನಾನೂ ಅವಳಿಗೆ ಅದನ್ನೇ ಹೇಳುತ್ತಾ ಬಂದಿದ್ದೆ. “ಇಲ್ಲ ಕಣೇ, ನಂಗಿಲ್ಲಿ ಸಾಕಾಗಿದೆ” ಎಂದೆ. “ಮೀ ಟೂ” ಅಂದಳು. ಇಬ್ಬರೂ ಫೋನು ಇಡಲಿಲ್ಲ. ಅವಳ ಹಿಂದೆ ಬಟ್ಟೆ ಒಣಗಿಸುವ ಡ್ರೈಯರ್ ತಿರುಗುವ ಸದ್ದು ಕೇಳುತ್ತಿತ್ತು.

ಪಾಸ್‌ಪೋರ್ಟ್ ಬಂದಾಗ ಚಳಿಗಾಲ ಶುರುವಾಗಿತ್ತು. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲಿ ಗಂಡ, “ಹಾಲು ಖಾಲಿಯಾಗಿದೆ, ಅಂಗಡಿಗೆ ಹೋಗ್ಬರೋಣ್ವಾ?” ಎಂದರು. ಬೋರ್ಡೆಲ್ಲ ಓದಲು ಬರುವ ಅಂಗಡಿ. ಆದರೂ ನನಗೆ ಇಳಿಯಲಾಗಲಿಲ್ಲ. “ನೀವೇ ತನ್ನಿ” ಎಂದೆ. ಮಗಳು ಅಪ್ಪನ ಜೊತೆ ಹೋಗಲೆಂದು ಬಾಗಿಲು ತೆರೆದವಳು, ಮತ್ತೆ ಮುಚ್ಚಿ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಸರಿದು ಕೂತಳು.