ಧೈರ್ಯದಕ್ಕ ಹೆದರಿದ ಭಾನುವಾರ

ನನ್ನ ತಮ್ಮನ ಮಗಳನ್ನು ಊರೆಲ್ಲ ಧೈರ್ಯದಕ್ಕ ಎಂದು ಕರೆಯುತ್ತದೆ. ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು. ಅವಳಷ್ಟು ಪುಕ್ಕಲು ನಮ್ಮ ವಂಶದಲ್ಲೇ ಇನ್ನೊಬ್ಬರಿಲ್ಲ. ಚಿಕ್ಕವಳಿದ್ದಾಗ ಹಲ್ಲಿ ಲೊಚಗುಟ್ಟಿದರೆ ಸಾಕು, ಓಡಿ ಬಂದು ನನ್ನ ಬೆನ್ನಿಗೆ ಅಂಟಿಕೊಳ್ಳುತ್ತಿದ್ದಳು. ಶಾಲೆಯಲ್ಲಿ ಹಾಜರಿ ಕೂಗುವಾಗ ಬಾಯಿ ಬಿಡಲಾಗದೆ, ಎದುರಿಗೆ ಕೂತಿದ್ದೂ ಗೈರುಹಾಜರಾದವಳು.

ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಾತಾಡದೆ ವಿಧಿಯಿರಲಿಲ್ಲ. ಮೊದಲು ಗಾಜಿನ ಹಿಂದಿನ ಬೊಂಬೆಯ ಜೊತೆ ಮಾತಾಡಿ ನಾಲಿಗೆ ಸಡಿಲ ಮಾಡಿಕೊಂಡಳು. ಆಮೇಲೆ ಗಿರಾಕಿಗಳ ಮಕ್ಕಳ ಜೊತೆ, ಆಮೇಲೆ ಗಿರಾಕಿಗಳ ಜೊತೆ, ಕಡೆಗೆ ಮಾಲೀಕನ ಜೊತೆಯೇ ಜಗಳ. ಕೆಲಸ ಹೋಯಿತು, ದಾರಿ ಸಿಕ್ಕಿತು. ಹೆದರಿಕೆಯನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು ಎಂದು ಬೇರೆಯವರಿಗೂ ಹೇಳಿಕೊಡಲು ಒಂದು ತರಗತಿ ತೆರೆದಳು. ಬೋರ್ಡು ನನ್ನದೇ. ನಾನು ಅಂಗಡಿ ಬೋರ್ಡುಗಳನ್ನು ನೋಡಿ ನೋಡಿ ಅಕ್ಷರ ಕಲಿತವನು, ಅವೇ ಬೋರ್ಡುಗಳನ್ನು ಬರೆದು ಹೊಟ್ಟೆ ಹೊರೆದವನು. ಅಷ್ಟು ದುಂಡನೆಯ 'ಧೈ' ಆ ಬೀದಿಯಲ್ಲಿ ಇನ್ನೊಂದಿದ್ದರೆ ತೋರಿಸಲಿ.

ತರಗತಿ ಇದ್ದದ್ದು ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ. ಅದರ ಮೇಲೆ ಉಸಿರಿನ ಮೇಷ್ಟ್ರು. ಉಸಿರಾಟ ತಿದ್ದಿದರೆ ಸಿಟ್ಟು, ಭಯ, ಮರೆವು ಎಲ್ಲ ಹೋಗುತ್ತದೆ ಎನ್ನುವವರು. ಅವರ ಮೇಲೆ ಮೌನದಮ್ಮ. ಮನುಷ್ಯ ಬಾಯಿ ಮುಚ್ಚಿದರೆ ಮನಸ್ಸು ತೆರೆಯುತ್ತದೆ ಎನ್ನುವವರು. ಮೂವರೂ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಕೆಳಗಡೆ ಹೋದೋರು ಬೆಕ್ಕನ್ನ ಕಂಡು ಹುಲಿ ಹೊಡೆದೆ ಅಂತಾರೆ" ಎಂದು ಮೇಷ್ಟ್ರು ಶಿಷ್ಯರ ಮುಂದೆ ಹೇಳುವರು.

"ಉಸಿರಾಡೋದನ್ನ ಹುಟ್ಟಿದ ಕೂಸಿಗೆ ಯಾರು ಕಲಿಸಿದ್ರಂತೆ, ಇವರೇನಾ?" ಎಂದು ನಮ್ಮವಳು.

ಮೌನದಮ್ಮ ಮಾತ್ರ ಏನೂ ಹೇಳುತ್ತಿರಲಿಲ್ಲ. ಹಾಗೊಂದು ನೋಟ ನೋಡುತ್ತಿದ್ದರು. ಅದು ಬೈಗುಳಕ್ಕಿಂತ ಖಾರ.

ತಮ್ಮ ವಿದ್ಯೆಯನ್ನು ಪಕ್ಕದವರು ಕದಿಯುತ್ತಾರೆ ಎಂಬ ಸಂಶಯ ಮೂವರಿಗೂ ಇತ್ತು. ಅದಕ್ಕೇ ಸೇರುವಾಗಲೇ ಶಿಷ್ಯರಿಂದ ಮಾತು ತೆಗೆದುಕೊಳ್ಳುತ್ತಿದ್ದರು: ಇಲ್ಲಿ ಕೊಟ್ಟ ಅಭ್ಯಾಸ ಹೊರಗೆ ಯಾರ ಮುಂದೆಯೂ ಬಾಯಿಗೆ ಬರಕೂಡದು, ಹೆಂಡತಿ ಮುಂದೆ ಕೂಡ. ನಮ್ಮವಳೂ ತೆಗೆದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ತರಗತಿಗೆ ರಜೆ. ಅವಳು ಕಿಟಕಿಯ ಗಾಜು ಒರೆಸುತ್ತಿದ್ದಳು, ನಾನು ಬೋರ್ಡಿನ ಬಣ್ಣ ತಿದ್ದುತ್ತಿದ್ದೆ. ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಅದೇ ಕಟ್ಟಡದ ಕೆಳಗಿನ ಕನ್ನಡಕದ ಅಂಗಡಿಯ ಗುಮಾಸ್ತನ ಹೆಂಡತಿ. ಆ ಕನ್ನಡಕದಣ್ಣ ನಮ್ಮವಳ ತರಗತಿಯಲ್ಲಿ ಎಲ್ಲರಿಗಿಂತ ವಿಧೇಯ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಪ್ರಾಣಿ.

"ಅಕ್ಕಾ, ನಮ್ಮೋರು ಇಲ್ಲಿಗೇನಾದ್ರೂ ಬಂದ್ರಾ? ಬೆಳಿಗ್ಗೆ ಹೋದೋರು. ಫೋನ್ ಮನೇಲೇ ಇದೆ. ಒಂದು ಮಾತೂ ಆಡದೆ ಹೋದ್ರು, ಮುನಿಸಿಕೊಂಡ್ರೇನೋ ಅಂತ ನಾನೂ ಸುಮ್ಮನಾದೆ." ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧಿಯ ಪುಟ್ಟ ಪಂಪು. "ಅಂಗಿ ಬದಲಾಯಿಸ್ದಾಗ ಇದು ಹಳೇ ಜೇಬಲ್ಲೇ ಉಳ್ಕೊಂಡಿದೆ. ಧೂಳು ತಾಗಿದ್ರೆ ಅವರಿಗೆ ಉಸಿರು ಸಿಕ್ಕಲ್ಲ ಅಕ್ಕಾ."

ನಮ್ಮವಳ ಕೈಯಿಂದ ಒರೆಸುವ ಬಟ್ಟೆ ಜಾರಿತು. ಮುಖ ಸುಣ್ಣದ ಗೋಡೆ.

"ದೊಡ್ಡಪ್ಪಾ, ಈ ವಾರದ ಅಭ್ಯಾಸ ನಾನೇ ಕೊಟ್ಟಿದ್ದು. ನಿಮಗೆ ಅತಿ ಹೆದರಿಕೆಯ ಜಾಗಕ್ಕೆ ಒಬ್ಬರೇ ಹೋಗಿ ನಿಂತು ಬನ್ನಿ ಅಂತ."

"ಅವನಿಗೆ ಯಾವುದರ ಹೆದರಿಕೆ?"

"ಮುಚ್ಚಿದ ಕೋಣೆ. ಲಿಫ್ಟು ಕೂಡ ಹತ್ತಲ್ಲ."

ಹುಡುಕಲು ಹೊರಟೆವು. ಲಿಫ್ಟು ನೋಡಿದೆವು, ತಾರಸಿಯ ಮೇಲೆ ನೀರಿನ ಪಂಪಿನ ಕೋಣೆ ನೋಡಿದೆವು. ಕಡೆಗೆ ನೆಲಮಾಳಿಗೆಗೆ ಇಳಿದೆವು. ಅಲ್ಲಿ ಸಾಲಾಗಿ ಸಾಮಾನಿನ ಕೋಣೆಗಳು, ಒಂದೊಂದು ಒಬ್ಬೊಬ್ಬ ಅಂಗಡಿಯವನದು. ಎಲ್ಲ ಕಬ್ಬಿಣದ ಬಾಗಿಲು, ಎಳೆದುಕೊಂಡರೆ ತಾನಾಗಿ ಬೀಗ ಬೀಳುವಂಥವು. ಬೀಗದ ಕೈಗಳು ಅಂಗಡಿಯವರ ಮನೆಗಳಲ್ಲಿ. "ಕನ್ನಡಕದಣ್ಣಾ!" ಎಂದು ನಮ್ಮವಳು ಗಂಟಲು ಹರಿಯುವಂತೆ ಕೂಗಿದಳು. ಹೆಂಡತಿ ಬಾಗಿಲು ಬಾಗಿಲಿಗೂ ಹೋಗಿ ತಟ್ಟಿದಳು. ಒಳಗಿಂದ ಒಂದು ಕೆಮ್ಮೂ ಇಲ್ಲ. ಇಲ್ಲಿಲ್ಲ ಎಂದುಕೊಂಡು ಮೇಲೆ ಬಂದೆವು.

ನಮ್ಮವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಕನ್ನಡಕದಣ್ಣ ಮೇಲಿನೋರಿಬ್ಬರ ಹತ್ರಾನೂ ಹೋಗ್ತಿದ್ರು ಅಂತ ಒಂದು ಗುಮಾನಿ ದೊಡ್ಡಪ್ಪಾ. ಅವರೇನು ಹೇಳಿದ್ದಾರೋ."

"ಮತ್ತೆ ಕೇಳು ಹೋಗು."

"ಹೇಗೆ ಕೇಳಲಿ? ನನ್ನ ಪಾಠದಿಂದ ಒಬ್ಬ ಮನುಷ್ಯ ಕಾಣೆಯಾದ ಅಂತ ನಾನೇ ಹೋಗಿ ಅವರ ಬಾಯಿಗೆ ತುತ್ತು ಇಡಲಾ? ನಾಳೆ ಬೆಳಗಾಗೋದ್ರೊಳಗೆ ಊರು ತುಂಬ ಡಂಗುರ."

ಕನ್ನಡಕದಣ್ಣನ ಹೆಂಡತಿ ಪಂಪನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಮ್ಮವಳು ಅದನ್ನೇ ನೋಡುತ್ತ ಎದ್ದಳು. ಕಂಬಿ ಹಿಡಿದು ಮೇಲೆ ಹೊರಟಳು. ನಾನೂ ಆ ಹೆಂಗಸೂ ಹಿಂದೆಯೇ ಹತ್ತಿದೆವು.

ಉಸಿರಿನ ಮೇಷ್ಟ್ರಿಗೆ ಭಾನುವಾರವೂ ಬಿಡುವಿಲ್ಲ, ಚಾಪೆ ಕೊಡವುತ್ತಿದ್ದರು. ಮಾತು ಕೇಳಿದ್ದೇ ಅವರ ಮುಖವೂ ಬಿಳಿಚಿಕೊಂಡಿತು. "ನನ್ನ ಶಿಷ್ಯರ ವಿಷಯ ನಾನು ಯಾರಿಗೂ ಹೇಳೋ ಹಾಗಿಲ್ಲಮ್ಮ. ಆಮೇಲೆ ಎಲ್ಲಾ ನನ್ನ ತಲೆ ಮೇಲೆ ಬರುತ್ತೆ."

ಗಲಾಟೆಗೆ ಮೌನದಮ್ಮ ಇಳಿದು ಬಂದು ಬಾಗಿಲಲ್ಲಿ ನಿಂತರು. ಅವರೂ ತುಟಿ ಬಿಚ್ಚಲಿಲ್ಲ. ಮೂವರೂ ಹಾಗೆ ನಿಂತಿದ್ದನ್ನು ನೋಡಿ ನನಗೆ ಕೆಳಗಿನ ಬಣ್ಣದ ಡಬ್ಬಿ ತಂದು ಯಾರ ತಲೆಯ ಮೇಲಾದರೂ ಸುರಿಯೋಣ ಎನ್ನಿಸಿತು.

ಆಗ ಕನ್ನಡಕದಣ್ಣನ ಹೆಂಡತಿ ಮುಂದೆ ಬಂದಳು. "ನಿಮ್ಮ ನಿಮ್ಮ ವಿದ್ಯೆ ನಿಮ್ಮ ಹತ್ರಾನೇ ಇಟ್ಕೊಳ್ಳಿ. ನಂಗೆ ಬೇಡ. ನನ್ನ ಗಂಡ ಎಲ್ಲಿ, ಅದನ್ನ ಹೇಳಿ."

ಮೇಷ್ಟ್ರು ಚಾಪೆ ಕೆಳಗಿಟ್ಟರು. "ಕತ್ತಲಲ್ಲಿ ಕೂತು ಉಸಿರು ಗಮನಿಸಿ ಅಂದಿದ್ದೆ. ಇಕ್ಕಟ್ಟಾದ ಜಾಗ ಆದ್ರೆ ಒಳ್ಳೇದು ಅಂತ. ಫೋನ್ ಮನೇಲಿ ಬಿಟ್ಟು ಹೋಗಿ ಅಂತಾನೂ ನಾನೇ ಹೇಳಿದ್ದು."

ಎಲ್ಲರೂ ಮೌನದಮ್ಮನ ಕಡೆ ತಿರುಗಿದೆವು. ಆಕೆಯ ಸ್ವರ ನಾನು ಕೇಳಿದ್ದು ಅದೇ ಮೊದಲು.

"ಇವತ್ತು ದೀಪ ಹಚ್ಚೋ ತನಕ ಮೌನ ಅಂದಿದ್ದೆ. ಬಾಯಷ್ಟೇ ಅಲ್ಲ, ಕೈಯೂ ಮೌನ. ಸನ್ನೆ ಮಾಡಬಾರದು, ಸದ್ದು ಮಾಡಬಾರದು. ಯಾರು ಕೂಗಿದ್ರೂ ಓಗೊಡಬಾರದು ಅಂತ."

ಒಂದೊಂದೇ ಆಗಿದ್ದರೆ ಯಾರಿಗೂ ಕೇಡಿಲ್ಲದ ಅಭ್ಯಾಸಗಳು. ಮೂರನ್ನೂ ಒಬ್ಬನ ತಲೆಗೆ ಕಟ್ಟಿದಾಗ ಏನಾಗುತ್ತದೆಂದು ಆಗ ಕಣ್ಣಿಗೆ ಕಂಡಿತು. ನಾವು ಕೂಗಿದಾಗ ಅವನು ಆ ನೆಲಮಾಳಿಗೆಯಲ್ಲೇ ಇದ್ದ. ಕೇಳಿಸಿಕೊಂಡ. ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನೆ ಕೂತ.

ನೆಲಮಾಳಿಗೆಗೆ ಓಡಿದೆವು. ಕಟ್ಟಡದ ಕಾವಲುಗಾರ ಹಾರೆ ತಂದದ್ದೇನೋ ಆಯಿತು, ಯಾವ ಬಾಗಿಲಿಗೆ ಹಾಕುವುದು? ಎಲ್ಲವನ್ನೂ ಒಡೆಯುತ್ತ ಹೋದರೆ ಅಲ್ಲಿಯ ತನಕ ಒಳಗಿನ ಜೀವ ಕಾಯುತ್ತದೆಯೇ? ನಮ್ಮವಳು ಕೂಗಿದಳು, ಉತ್ತರವಿಲ್ಲ. ಅವಳು ಮೌನದಮ್ಮನ ಎರಡೂ ಕೈ ಹಿಡಿದುಕೊಂಡಳು. ಜನ್ಮದಲ್ಲಿ ಮುಟ್ಟದ ಕೈಗಳು.

"ಅಮ್ಮಾ, ನನ್ನ ಮಾತು ಅವರು ಕೇಳಲ್ಲ. ನೀವು ಕಟ್ಟಿದ್ದನ್ನ ನೀವೇ ಬಿಚ್ಚಬೇಕು. ಜೋರಾಗಿ ಹೇಳಿ."

ಮೌನದಮ್ಮನಿಗೆ ಕೂಗಿ ಅಭ್ಯಾಸವೇ ಇರಲಿಲ್ಲ. ಮೊದಲು ಬರೀ ಗಾಳಿ ಹೊರಟಿತು.

"ಹೊಟ್ಟೆಯಿಂದ ಉಸಿರು ತಗೊಳ್ಳಿ" ಎಂದರು ಮೇಷ್ಟ್ರು.

ಆಕೆ ತೆಗೆದುಕೊಂಡರು. "ಮೌನ ಮುಗೀತಪ್ಪಾ! ಸದ್ದು ಮಾಡು! ಎಲ್ಲಿದ್ದೀಯೋ ಅಲ್ಲಿಂದ ಬಡಿ!"

ಕಿವಿಗೊಟ್ಟು ನಿಂತೆವು. ಏನೂ ಇಲ್ಲ. ಹೆಂಡತಿಯ ಬಳೆಗಳು ನಡುಗುವ ಸದ್ದೊಂದೇ. ಆಮೇಲೆ, ಮೂಲೆಯ ಬಾಗಿಲ ಕೆಳಗಿನಿಂದ, ಉಗುರಿನಲ್ಲಿ ಗೀರಿದ ಹಾಗೆ ಏನೋ ಕೇಳಿತು.

ಹಾರೆ ಹಾಕಿ ಮೇಷ್ಟ್ರೂ ನಾನೂ ಜಗ್ಗಿದೆವು. ಬಾಗಿಲು ಕಿರುಚಿ ತೆರೆಯಿತು. ಮುರುಕು ಕುರ್ಚಿಗಳ ನಡುವೆ, ಧೂಳಿನ ರಾಶಿಯಲ್ಲಿ ಕನ್ನಡಕದಣ್ಣ ಬಿದ್ದಿದ್ದ. ತುಟಿ ನೀಲಿ, ಎದೆ ಒಡಕು ಕೊಳಲಿನ ಹಾಗೆ ಸಿಳ್ಳು ಹಾಕುತ್ತಿತ್ತು. ಹೆಂಡತಿ ಪಂಪನ್ನು ಬಾಯಿಗೆ ಹಿಡಿದಳು. ಮೇಷ್ಟ್ರು ಅವನನ್ನು ಎದೆಗೆ ಆನಿಸಿಕೊಂಡು, "ಅವಸರ ಬೇಡ, ನನ್ನ ಜೊತೆ ಬಿಡಿ, ನನ್ನ ಜೊತೆ" ಎನ್ನುತ್ತ ಕೂತರು. ಮೌನದಮ್ಮ ಸೆರಗಿನಿಂದ ಗಾಳಿ ಹಾಕಿದರು. ಕಾವಲುಗಾರ ಆಂಬುಲೆನ್ಸಿಗೆ ಫೋನ್ ಮಾಡಿದ. ನಮ್ಮವಳು ಮಾತ್ರ ಗೋಡೆಗೆ ಒರಗಿ, ಆ ತುಟಿಗಳನ್ನೇ ದಿಟ್ಟಿಸುತ್ತ ನಿಂತಿದ್ದಳು.

ಬಣ್ಣ ತಿರುಗಿತು. ಅವನು ಕಣ್ಣು ಬಿಟ್ಟ.

"ಒಂದು ನಿಮಿಷ ನಿಂತು ಬರೋಣ ಅಂತ... ಬಾಗಿಲು ತೆರೆದಿತ್ತು... ಹಿಂದಿನಿಂದ ಮುಚ್ಕೊಂಡ್ತು." ನಮ್ಮವಳನ್ನು ಕಂಡು ನಗಲು ನೋಡಿದ. "ಅಕ್ಕಾ, ನಾನು ಹೆದರಲಿಲ್ಲ."

"ನಾನು ಹೆದರಿದೆ ಕಣಣ್ಣಾ," ಎಂದು ಅವಳು ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು.

ಮೂವರೂ ಆಮೇಲೆ ಅಂಟಿಕೊಂಡ ಬೆಲ್ಲವಾದರು ಎಂದು ನಾನು ಸುಳ್ಳು ಹೇಳಲಾರೆ. ಈಗಲೂ ನೀರಿನ ನಲ್ಲಿಗೆ, ಚಪ್ಪಲಿ ಬಿಡುವ ಜಾಗಕ್ಕೆ ಕಿತ್ತಾಡುತ್ತಾರೆ. ಆದರೆ ಗುಟ್ಟಿನ ಮಾತು ತೆಗೆದುಕೊಳ್ಳುವುದು ಅಂದಿಗೇ ನಿಂತಿತು. ಸೇರಲು ಬಂದವರಿಗೆ ಮೊದಲ ಪ್ರಶ್ನೆ, "ಇನ್ನೆಲ್ಲಿಗೆ ಹೋಗ್ತೀರಿ?" ಹೊಸ ಅಭ್ಯಾಸ ಕೊಡುವ ಮುಂಚೆ ಮಿಕ್ಕಿಬ್ಬರನ್ನು ಕೇಳಲೇಬೇಕು.

ಅದನ್ನು ಕೇಳುವುದೆಂದರೆ ನಮ್ಮವಳಿಗೆ ಇವತ್ತಿಗೂ ಎದೆ ಡವಡವ. ಮೊನ್ನೆ ಕನ್ನಡಕದಣ್ಣ ಮತ್ತೆ ಬಂದು ಕೂತ, ಜೇಬಿನಲ್ಲಿ ಪಂಪು. ಅವಳು ಬಾಗಿಲಾಚೆ ಹೋಗಿ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಕತ್ತೆತ್ತಿ ಕೂಗಿದಳು:

"ಅಮ್ಮಾ! ಮೇಷ್ಟ್ರೇ! ಇವರಿಗೆ ಈ ವಾರ ನೀವೇನು ಹೇಳಿದ್ದೀರಿ?"

ಮೇಲಿನ ಎರಡು ಬಾಗಿಲು ತೆರೆದ ಸದ್ದು ಕೇಳುವ ತನಕ ಅವಳು ಕಂಬಿ ಬಿಡಲಿಲ್ಲ.