ಸುಮಂಗಲಾಳ ಹೆಪ್ಪು

ಸುಮಂಗಲಾ ಕುಳಿತದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಹೀಗೆ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ. ಊಟಕ್ಕಾದರೂ ಕುಳಿತಿರಬೇಕಲ್ಲ? ಆದರೆ ನೆನಪನ್ನು ಎಷ್ಟು ಕೆದಕಿದರೂ ಎಡಗೈಯಲ್ಲಿ ಬುತ್ತಿಯ ಡಬ್ಬಿ, ಬಲಗೈಯಲ್ಲಿ ರೊಟ್ಟಿಯ ಸುರುಳಿ ಹಿಡಿದು ಲ್ಯಾಬಿನ ಉದ್ದಕ್ಕೂ ಅಡ್ಡಾಡುವ ಸುಮಂಗಲಾಳೇ ಕಾಣುತ್ತಾಳೆ. ಪ್ಯಾಸೆಂಜರ್ ರೈಲಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಲ್ಲುತ್ತಿದ್ದಳು. "ಕುಂದ್ರಬಾರದೇನವಾ" ಎಂದರೆ, "ಕುಂತ್ರ ಊರು ಲಗೂ ಬರಂಗಿಲ್ರಿ ಮೇಡಂ" ಎನ್ನುತ್ತಿದ್ದಳು, ರೈಲನ್ನು ತಾನೇ ನೂಕುತ್ತಿರುವವಳ ಹಾಗೆ.

ನಮ್ಮ ಸಂಸ್ಥೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಕಾಲೇಜುಗಳಿವೆ. ಮೂರು ಕಡೆಯ ಕಂಪ್ಯೂಟರ್ ಲ್ಯಾಬುಗಳಿಗೂ ಅವಳೊಬ್ಬಳೇ, ಅದೂ ವರ್ಷ ವರ್ಷದ ಕರಾರಿನ ಮೇಲೆ. ಹಲಗೇರಿಯವಳು. ಬೆಳಿಗ್ಗೆ ರಾಣೆಬೆನ್ನೂರಿನಲ್ಲಿ ಇದ್ದರೆ ಮಧ್ಯಾಹ್ನ ಹಾವೇರಿ, ನಡುವೆ ಎಲ್ಲೋ ಬ್ಯಾಡಗಿ. ನಾನು ಬ್ಯಾಡಗಿಯಲ್ಲಿ ಇತಿಹಾಸ ಕಲಿಸುವವಳು. ಬೇರೆ ಯಾರೂ ಒಪ್ಪಲಿಲ್ಲವೆಂದು ಲ್ಯಾಬಿನ ಉಸ್ತುವಾರಿ ನನಗೆ ಅಂಟಿಕೊಂಡಿತ್ತು. ನನ್ನ ಉಸ್ತುವಾರಿ ಎಂದರೆ ಬಾಗಿಲ ಕೀಲಿ ಇಟ್ಟುಕೊಳ್ಳುವುದು ಮತ್ತು ಅವಳು ಕಂಪ್ಯೂಟರ್ ಬಿಚ್ಚಿದಾಗ ದೂರ ನಿಲ್ಲುವುದು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯೇ ಘಾಟು. ಕಂಪ್ಯೂಟರ್ ಡಬ್ಬಿಯೊಳಗಿನ ಫ್ಯಾನಿನಲ್ಲಿ ಕೆಂಪು ಧೂಳು ಕೂತಿರುತ್ತಿತ್ತು. ಅವಳು ಬ್ರಷ್ ಆಡಿಸಿದರೆ ಇಬ್ಬರೂ ಸೀನುತ್ತಿದ್ದೆವು. "ಹಾವೇರಿ ಕಂಪ್ಯೂಟರ್ ರಿಪೇರಿ ಮಾಡ್ತೇನ್ರಿ, ಬ್ಯಾಡಗೀದಕ್ಕ ಒಗ್ಗರಣಿ ಕೊಡ್ತೇನಿ" ಎಂದು ಅವಳು ಹೇಳಿದ್ದು ನಮ್ಮ ಕಾಲೇಜಿನಲ್ಲಿ ಇನ್ನೂ ಓಡಾಡುತ್ತದೆ. ಹೇಳಿದವಳು ಅವಳೇ ಎಂಬುದು ಹೊಸಬರಿಗೆ ಗೊತ್ತಿಲ್ಲ.

ಅವಳ ಚೀಲದಲ್ಲಿ ಸದಾ ಒಂದು ಡಿಸ್ಕು ಇರುತ್ತಿತ್ತು, ಹಳೆಯ ಕಾಲುಚೀಲದೊಳಗೆ ಸುತ್ತಿದ್ದು. ಅದಕ್ಕೆ ಅವಳು ಹೆಪ್ಪು ಎನ್ನುತ್ತಿದ್ದಳು. ಒಂದು ಕಂಪ್ಯೂಟರನ್ನು ಮನಸ್ಸಿಟ್ಟು ಸಜ್ಜು ಮಾಡಬೇಕು: ಮೂಲ ತಂತ್ರಾಂಶ, ಕನ್ನಡದ ಕೀಲಿಮಣೆ, ಪರೀಕ್ಷೆಯ ತಂತ್ರಾಂಶ, ಪ್ರಿಂಟರು. ಆಮೇಲೆ ಅದರ ಡಿಸ್ಕಿನಲ್ಲಿ ಇರುವುದೆಲ್ಲವನ್ನೂ ಇದ್ದದ್ದು ಇದ್ದ ಹಾಗೇ ಅಚ್ಚು ತೆಗೆಯಬೇಕು. ಆ ಅಚ್ಚಿಗೆ ಇಮೇಜ್ ಎಂದು ಹೆಸರು. ಅದನ್ನು ಒಂದೊಂದೇ ಹೊಸ ಕಂಪ್ಯೂಟರಿಗೆ ಇಳಿಸಿದರೆ ಎಲ್ಲವೂ ಒಂದೇ ಥರ ಆಗುತ್ತವೆ. ಒಂದು ಚಮಚೆ ಹೆಪ್ಪಿನಿಂದ ಗಡಿಗೆ ಗಡಿಗೆ ಮೊಸರು. ಹಾವೇರಿಯ ಲ್ಯಾಬಿಗೆ ಹೊಸ ಡಿಸ್ಕುಗಳು ಬಂದಾಗ ಬೆಳಿಗ್ಗೆ ಶುರುಮಾಡಿ ಸಂಜೆಗೆ ಇಡೀ ಲ್ಯಾಬು ಮುಗಿಸಿ ಬಂದಿದ್ದಳು. ಮರುದಿನ ಬ್ಯಾಡಗಿಯ ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ಹೇಳಿದಳು, ಕೇಳದವರಿಗೂ. ವಿನಯ ಅವಳ ಗುಣಗಳಲ್ಲಿ ಸೇರಿರಲಿಲ್ಲ.

ಬ್ಯಾಡಗಿಯಲ್ಲಿ ಕಂಪ್ಯೂಟರ್ ಪರೀಕ್ಷೆಯ ಕೇಂದ್ರ ಆಗಬೇಕೆಂದು ಹಟ ಹಿಡಿದವಳೂ ಅವಳೇ. ಅದಕ್ಕೂ ಮುಂಚೆ ನಮ್ಮ ಹುಡುಗಿಯರು ಹಾವೇರಿಗೆ ಹೋಗಿ ಬರೆಯಬೇಕಿತ್ತು. ಸುತ್ತಲ ಹಳ್ಳಿಗಳಿಂದ ಬ್ಯಾಡಗಿಗೆ ಕಳಿಸುವ ಮನೆಯವರು ಅಲ್ಲಿಂದ ಮುಂದಕ್ಕೆ ಎಂದರೆ ಹಿಂದೆಗೆಯುತ್ತಿದ್ದರು. ವರ್ಷವಿಡೀ ಕಲಿತ ಹುಡುಗಿ ಪರೀಕ್ಷೆಯ ದಿನ ಬರುತ್ತಲೇ ಇರಲಿಲ್ಲ. ಇದರಲ್ಲಿ ನಿನಗೇಕೆ ಇಷ್ಟು ಉರಿ ಎಂದು ಕೇಳಿದ್ದೆ. ತನಗೂ ಒಮ್ಮೆ ಹೀಗೇ ಪರೀಕ್ಷೆ ತಪ್ಪಿತ್ತು ಎಂದಳು. ಒಂದು ಸಲ ಕೇಳಿದಾಗ ಬಸ್ಸು ಕೆಟ್ಟು ನಿಂತಿತ್ತು. ಇನ್ನೊಂದು ಸಲ ಕೇಳಿದಾಗ ಅಪ್ಪ ಬೇಡ ಎಂದಿದ್ದರು. ಎರಡೂ ನಿಜವಿರಬಹುದು. ಒಂದನ್ನು ನಾನೇ ಬೇರೆ ಯಾರದೋ ಕಥೆಯಿಂದ ತಂದು ಅವಳಿಗೆ ಜೋಡಿಸಿರಲೂಬಹುದು. ಮೂರೂರು ಅಲೆದು, ಅರ್ಜಿಯ ಮೇಲೆ ಅರ್ಜಿ ಬರೆಸಿ, ಕೊನೆಗೆ ಕೇಂದ್ರ ಮಂಜೂರಾಯಿತು. ಆದರೆ ಒಂದು ಷರತ್ತು: ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬರಬೇಕು, ಹಾವೇರಿಯಿಂದ ಅಧಿಕಾರಿ ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಕೇಂದ್ರ ಮತ್ತೆ ಹಾವೇರಿಗೆ.

ಕಂಪ್ಯೂಟರುಗಳು ತಡವಾಗಿ ಬಂದವು. ತಪಾಸಣೆಗೆ ಎರಡು ದಿನವಷ್ಟೇ ಉಳಿದಿತ್ತು. ಪ್ರಿನ್ಸಿಪಾಲರು ಗಾಬರಿಯಾದರೂ ಸುಮಂಗಲಾ ಆಗಲಿಲ್ಲ. ಕಾಲುಚೀಲದಿಂದ ಹೆಪ್ಪು ತೆಗೆದಳು, ಜೋಡಿಸಿದಳು, ಪರದೆಯ ಮೇಲೆ ಹಸಿರು ಪಟ್ಟಿ ಹರಿಯತೊಡಗಿತು. ಅದು ನೂರಕ್ಕೆ ನೂರು ಮುಟ್ಟುವವರೆಗೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಮುಟ್ಟಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು. ಕಪ್ಪು ಪರದೆ. ಅದರ ಮೇಲೆ ಒಂದು ಬಿಳಿ ಸಾಲು: ಚಾಲೂ ಆಗಲು ಇಲ್ಲಿ ಏನೂ ಸಿಗಲಿಲ್ಲ ಎಂಬರ್ಥದ್ದು.

ತಂತಿ ಸಡಿಲ ಎಂದಳು. ಬೇರೆ ತಂತಿ ಹಾಕಿ ಇನ್ನೊಂದು ಕಂಪ್ಯೂಟರಿಗೆ ಇಳಿಸಿದಳು. ನೂರಕ್ಕೆ ನೂರು, ಕಪ್ಪು ಪರದೆ. ಮೂರನೆಯದಕ್ಕೆ ಇಳಿಸಿದಳು, ಹಾಗೇ ಗೋಡೆಯ ಕಡೆಯ ಇಡೀ ಸಾಲಿಗೆ. ಹಾವೇರಿಯಲ್ಲಿ ಹಿಡಿದ ಹೆಪ್ಪು ಇಲ್ಲೇಕೆ ಹಿಡಿಯುವುದಿಲ್ಲ ಎಂದು ಕಂಪ್ಯೂಟರಿಗೇ ಬೈದಳು. ಒಂದು ದಿನ ಹಾಗೇ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಎರಡನೆಯ ಸಲಕ್ಕೆ ನಿಲ್ಲಿಸಿ ಹೊಸ ಡಿಸ್ಕಿನ ಮೇಲಿನ ಚೀಟಿ ಓದುತ್ತಿದ್ದರೋ ಏನೋ. ಅವಳ ಕಾಲು ನಿಲ್ಲುತ್ತಿರಲಿಲ್ಲ, ಕಣ್ಣೂ ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವಳು ಕುಳಿತಿದ್ದಳು. ಬಿಚ್ಚಿದ ಡಿಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಜ್ವರ ಬಂದವರಂತೆ. ನನಗೆ ಹೆದರಿಕೆಯಾಯಿತು. ಏನಾಯಿತೆಂದು ಕೇಳಿದೆ.

"ಖಾನಿ ದೊಡ್ಡವು ಅದಾವ್ರಿ" ಎಂದಳು.

ಆಮೇಲೆ ಬಿಡಿಸಿ ಹೇಳಿದಳು. ಡಿಸ್ಕಿನೊಳಗಿನ ಜಾಗವನ್ನು ಸಣ್ಣ ಸಣ್ಣ ಖಾನೆಗಳಾಗಿ ಹಂಚಿರುತ್ತಾರೆ, ಅವಕ್ಕೆ ಸೆಕ್ಟರ್ ಎನ್ನುತ್ತಾರೆ. ಅವಳ ಹೆಪ್ಪು ತಯಾರಾದದ್ದು ಸಣ್ಣ ಖಾನೆಯ ಡಿಸ್ಕಿನಲ್ಲಿ. ಬ್ಯಾಡಗಿಗೆ ಬಂದವು ಎಂಟು ಪಟ್ಟು ದೊಡ್ಡ ಖಾನೆಯವು; ದೊಡ್ಡ ದೊಡ್ಡ ಸರ್ವರುಗಳಿಗೆಂದು ಮಾಡಿದ್ದನ್ನು ಯಾರೋ ಅಗ್ಗಕ್ಕೆ ಸಿಕ್ಕಿತೆಂದು ಇವಕ್ಕೆ ಹಾಕಿ ಕಳಿಸಿದ್ದರು. ಇಮೇಜಿನಲ್ಲಿ ಎಲ್ಲದಕ್ಕೂ ವಿಳಾಸ ಇರುವುದು ಖಾನೆಯ ನಂಬರಿನಲ್ಲಿ. ನನ್ನ ಮುಖ ನೋಡಿ ಕಿಟಕಿಯಾಚೆ ಮಾರ್ಕೆಟ್ ಯಾರ್ಡಿನತ್ತ ಕೈ ತೋರಿಸಿದಳು.

"ಸಣ್ಣ ಚೀಲ ಒಟ್ಟಿದ್ರ ನೂರನೇ ಚೀಲ ಗೋಡಿ ಹತ್ರ ಬರ್ತೈತಿ. ದೊಡ್ಡ ಚೀಲ ಒಟ್ಟಿದ್ರ ನೂರನೇದು ಗೇಟಿನ ಹೊರಗ ಹೋಗಿರ್ತೈತಿ. ನಂಬರ ಅದ ಐತ್ರಿ, ಮಾಲು ಅಲ್ಲಿಲ್ಲ."

ಹಾಗಾದರೆ ಹಾವೇರಿಯವು? ಅವುಗಳ ಒಳಗೂ ಖಾನೆ ದೊಡ್ಡವೇ ಅಂತೆ. ಆದರೆ ಹೊರಗೆ ಕೇಳಿದವರಿಗೆ ಸಣ್ಣವು ಎಂದೇ ಹೇಳುತ್ತವೆ, ಒಳಗೆ ತಾವೇ ಹೊಂದಿಸಿಕೊಳ್ಳುತ್ತವೆ. "ಇವು ಸುಳ್ಳು ಹೇಳಂಗಿಲ್ಲ, ಅದಕ್ಕ ನನ್ನ ಮರ್ಯಾದಿ ಹೋತು" ಎಂದು ನಕ್ಕಳು. ಇದನ್ನೆಲ್ಲ ಅವಳು ಇದೇ ಮಾತುಗಳಲ್ಲಿ ಹೇಳಿದ್ದಳೇ? ಚೀಲದ ಮಾತು ಅವಳದೇ. ಉಳಿದದ್ದು ಅವಳು ಇಟ್ಟ ಜಾಗದಲ್ಲೇ ನನ್ನ ತಲೆಯಲ್ಲಿ ಇದೆಯೆಂದು ಖಾತ್ರಿ ಕೊಡಲಾರೆ.

ದಾರಿ ಇತ್ತು, ಆದರೆ ನಿಧಾನದ್ದು. ಅಚ್ಚನ್ನು ಅಚ್ಚಾಗಿ ಇಳಿಸುವ ಹಾಗಿರಲಿಲ್ಲ. ಹೊಸ ಡಿಸ್ಕಿನಲ್ಲಿ ಅದರದೇ ಅಳತೆಗೆ ಜಾಗ ಹಂಚಿ, ಹಳೆಯದರೊಳಗಿನ ಫೈಲುಗಳನ್ನಷ್ಟೇ ತಂದು ತುಂಬಿ, ಚಾಲೂ ಆಗುವ ಭಾಗವನ್ನು ಹೊಸದಾಗಿ ಬರೆಯಬೇಕು. ಅದು ನೆಟ್ಟಗಾದರೆ ಅದನ್ನೇ ಹೊಸ ಹೆಪ್ಪು ಮಾಡಿ ಉಳಿದವಕ್ಕೆ ಹಾಕಬೇಕು. ಅವಳು ಎದ್ದದ್ದೇ ತಡ, ಮತ್ತೆ ಕುಳಿತದ್ದು ಕಾಣಲಿಲ್ಲ. ನಡುವೆ ಎರಡು ಸಲ ಕರೆಂಟು ಹೋಯಿತು. ಎರಡು ಸಲವೂ ಹರಿಯುತ್ತಿದ್ದ ಪಟ್ಟಿ ಮೊದಲಿನಿಂದ ಶುರುವಾಯಿತು. ತಪಾಸಣೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಕಡೆಯ ಸಾಲು ಸಿದ್ಧವಾಗಿತ್ತು. ಗೋಡೆಯ ಕಡೆಯ ಸಾಲು ಆಗಿರಲಿಲ್ಲ.

ಪ್ರಿನ್ಸಿಪಾಲರು ಬಂದು ಸಾಲುಗಳನ್ನು ನೋಡಿದರು. ಕೆಟ್ಟವರೇನಲ್ಲ, ಕೇಂದ್ರ ಉಳಿಯಬೇಕೆಂಬ ಆಸೆ ಅವರಿಗೂ ಇತ್ತು. ದನಿ ತಗ್ಗಿಸಿ, "ನೋಡವಾ ಸುಮಂಗಲಾ, ಸಾಹೇಬ್ರು ಬಾಗಿಲದಾಗ ನಿಂತು ನೋಡಿ ಹೋಗ್ತಾರ. ಆ ಸಾಲಿನ್ಯಾಗ ನಿನ್ನ ನೂರಕ್ಕ ನೂರು ಅನ್ನೋ ಹಸಿರು ಪಟ್ಟಿ ಹಚ್ಚಿ ಇಡು, ಸಾಕು" ಎಂದರು. ಅದರಲ್ಲಿ ಸುಳ್ಳೂ ಇರಲಿಲ್ಲ. ಹಳೆಯ ಇಮೇಜು ನೂರಕ್ಕೆ ನೂರು ಇಳಿದದ್ದು ನಿಜವೇ. ಅವಳು ಪಟ್ಟಿ ಹಚ್ಚಿಟ್ಟಳು.

ಅಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬಂದರು. ಘಾಟಿಗೆ ಕಣ್ಣಲ್ಲಿ ನೀರು. ಎಲ್ಲಾ ಸಜ್ಜಾಗಿವೆಯೇ ಎಂದು ಕೇಳಿದರು. ಆಗಿವೆ ಎಂದು ಪ್ರಿನ್ಸಿಪಾಲರು ಹೇಳಿದರು. ಅಧಿಕಾರಿ ಹೊರಡಲು ತಿರುಗಿಯೂ ಆಗಿತ್ತು. ಬಾಗಿಲ ಬಳಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ ಸುಮಂಗಲಾ ಬಾಯಿ ತೆರೆದಳು.

"ಈ ಸಾಲು ಅಷ್ಟ ರೆಡಿ ಐತ್ರಿ ಸರ್. ಆ ಸಾಲು ಚಾಲೂ ಆಗಂಗಿಲ್ಲ."

"ಚಾಷ್ಟಿ ಮಾಡ್ತಾಳ್ರಿ" ಎಂದು ಪ್ರಿನ್ಸಿಪಾಲರು ನಗಲು ನೋಡಿದರು. ಅವಳು ಹೋಗಿ ಒಂದನ್ನು ಆರಿಸಿ ಹಚ್ಚಿಯೇ ಬಿಟ್ಟಳು. ಕಪ್ಪು ಪರದೆ. ಅಧಿಕಾರಿ ಕರವಸ್ತ್ರ ಇಳಿಸಿದರು. ಮೂರೂರು ಅಲೆದು ತಂದ ಕೇಂದ್ರವನ್ನು ತನ್ನ ಕೈಯಿಂದಲೇ ಹಾವೇರಿಗೆ ಕಳಿಸುತ್ತಿದ್ದಾಳೆ ಎಂದು ನನಗೆ ಅನ್ನಿಸಿತು.

ಪರೀಕ್ಷೆಯ ಹೊತ್ತಿಗೆ ಆಗುತ್ತವೆಯೇ ಎಂದು ಅಧಿಕಾರಿ ಅವಳನ್ನೇ ಕೇಳಿದರು.

"ಆಗ್ತಾವ ಅಂತ ಮಾತು ಕೊಡಂಗಿಲ್ರಿ. ಈ ಒಂದ ಸಾಲಿನ್ಯಾಗ ಎರಡು ಸರ್ತಿ ಕುಂದ್ರಿಸಿದ್ರ ಎಲ್ಲಾ ಹುಡುಗ್ಯಾರೂ ಬರೀತಾರ. ಅದಕ್ಕ ಮಾತು ಕೊಡ್ತೇನ್ರಿ."

ಅವರು ಎರಡು ಸಲ ಸೀನಿದರು. ಅಥವಾ ಒಂದೇ ಸಲವೋ. ಜನರೇಟರ್ ಇದೆಯೇ ಎಂದರು, ಇದೆ ಎಂದೆ. ಎರಡು ಬ್ಯಾಚು ಮಾಡಿ ಎಂದು ಹೇಳಿ ಹೋದರು. ಆ ದಿನದ ನನ್ನ ದಿನಚರಿ ತೆಗೆದು ನೋಡಿದರೆ ಬರೆದಿರುವುದು ಇಷ್ಟೇ: ತಪಾಸಣೆ ಮುಗಿಯಿತು, ತಲೆನೋವು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಿತ್ತು. ಪರೀಕ್ಷೆಗೆ ಮೊದಲೇ ಗೋಡೆಯ ಸಾಲೂ ಸಿದ್ಧವಾಯಿತು. ಆದರೂ ಆದೇಶದಂತೆ ಎರಡು ಬ್ಯಾಚು. ಎರಡನೆಯ ಬ್ಯಾಚಿನ ಹುಡುಗಿಯರು ಗೋಡೆಯ ಸಾಲಿನಲ್ಲಿ ಸಜ್ಜಾಗಿಯೂ ಖಾಲಿ ಉಳಿದ ಕಂಪ್ಯೂಟರುಗಳನ್ನು ಕಿಟಕಿಯಿಂದ ನೋಡುತ್ತ ಬಿಸಿಲಲ್ಲಿ ಕಾದರು. "ಹೇಳೋ ಜರೂರ ಏನಿತ್ತು?" ಎಂದು ಪ್ರಿನ್ಸಿಪಾಲರು ಎಲ್ಲರೆದುರು ಕೇಳಿದರು. ಆಮೇಲೆ ನಾನೂ ಕೇಳಿದೆ, ಬೇರೆ ದನಿಯಲ್ಲಿ.

"ಸುಳ್ಳು ಹೇಳಿದ್ರ ಅದನ್ನ ಕಾಯ್ಕೋಂತ ಕುಂದ್ರಬೇಕ್ರಿ ಮೇಡಂ" ಎಂದಳು. "ನನಗ ಕುಂದ್ರಾಕ ಆಗಂಗಿಲ್ಲ."

ಪ್ರಾಮಾಣಿಕತೆ ಎಂದು ನಾನು ಪಾಠದಲ್ಲಿ ಹೇಳುವುದು ಇದನ್ನೇ ಏನು, ಅಥವಾ ಬರೀ ಚಡಪಡಿಕೆಯೇ? ಇವತ್ತಿಗೂ ತೀರ್ಮಾನವಾಗಿಲ್ಲ.

ಮುಂದಿನ ವರ್ಷ ಅವಳ ಕರಾರು ಮುಂದುವರಿಯಲಿಲ್ಲ. ಮೂರೂ ಲ್ಯಾಬುಗಳನ್ನು ಹುಬ್ಬಳ್ಳಿಯ ಒಂದು ಕಂಪನಿಗೆ ಕೊಟ್ಟರು. ಆ ಮಾತು ಮೊದಲಿನಿಂದಲೂ ಇತ್ತು ಎಂದು ಪ್ರಿನ್ಸಿಪಾಲರು ಹೇಳುತ್ತಾರೆ. ಇದ್ದಿರಬಹುದು.

ಕಳೆದ ಸುಗ್ಗಿಯಲ್ಲಿ ಮಾರ್ಕೆಟ್ ಯಾರ್ಡಿನ ರಸ್ತೆಯಲ್ಲಿ ಸಿಕ್ಕಳು. ಅಲ್ಲೇ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ, ಥಂಡಿ ಹೆಚ್ಚುಕಮ್ಮಿ ಆಗದಂತೆ ಯಂತ್ರ ನೋಡಿಕೊಳ್ಳುವುದು. ಮೆಣಸಿನಕಾಯಿ ಗಾಡಿಗಳ ಸಾಲಿನ ನಡುವೆ ಸ್ಕೂಟರಿನ ಮೇಲಿದ್ದಳು, ಒಂದು ಕಾಲು ನೆಲಕ್ಕೆ ಊರಿ, ಎಂಜಿನ್ ಚಾಲೂ ಇಟ್ಟುಕೊಂಡೇ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಆರೋಗ್ಯ ಕೇಳಿದಳು, ನನ್ನ ಉತ್ತರಕ್ಕೆ ಕಾಯಲಿಲ್ಲ. ಹೋಗಬೇಕು ಎಂದಳು. ಹೊರಟವಳು ತಿರುಗಿ, ಈ ಸಲ ಪರೀಕ್ಷೆ ಎಲ್ಲಾಯಿತು ಎಂದು ಕೇಳಿದಳು.

ಇಲ್ಲೇ ಆಯಿತು ಎಂದೆ. ಕಾಗಿನೆಲೆ ಕಡೆಯಿಂದಲೂ ಹುಡುಗಿಯರು ಬಂದಿದ್ದರು ಎಂದೆ.

ಸುಮಂಗಲಾ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದಳು. ಹಿಂದಿನ ಹಾರ್ನುಗಳು ಒಟ್ಟಿಗೇ ಏರಿದವು.

"ಹೇಳ್ರಿ ಮೇಡಂ" ಎಂದಳು. "ಯಾರ್ಯಾರು ಬಂದಿದ್ರು?"